ಬಂಡಸಾಲೆಯ ಒಂದು ಕಿಟಕಿ

ಜೂನ್ ಒಂಬತ್ತು, ಸೋಮವಾರ. ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಇದನ್ನು ಬರೆಯಲು ಕೂತೆ. ಜಾಗ, ಗುರುವಾಯನಕೆರೆಯಲ್ಲಿ ನಾನಿರುವ ಬಾಡಿಗೆ ಕೋಣೆ. ಇದು ನನ್ನ ಹದಿನೆಂಟನೇ ನೋಟುಪುಸ್ತಕದ ಮೊದಲ ಪುಟ. ಹಿಂದಿನ ಹದಿನೇಳರಲ್ಲಿ ಹನ್ನೊಂದು ವರ್ಷದ ಕೆಲಸವಿದೆ. ಯಾವ ದಿನ ಎಲ್ಲಿಗೆ ಹೋದೆ, ಎಷ್ಟು ಗಂಟೆಗೆ ತಲುಪಿದೆ, ಎಷ್ಟು ಕಂಬ ಅಳೆದೆ, ಎಷ್ಟು ಜನರನ್ನು ಕೇಳಿದೆ ಎಂಬುದೆಲ್ಲ ಅವುಗಳಲ್ಲಿ ಸಿಗುತ್ತದೆ. ಒಟ್ಟು ಇಪ್ಪತ್ತಮೂರು ಕಟ್ಟಡಗಳು. ಇಪ್ಪತ್ತಮೂರೂ ಈಗ ನೆಲದ ಮೇಲೆ ಇಲ್ಲದವು.

ನನ್ನ ಕೆಲಸವೇ ಅದಾಗಿತ್ತು. ಬಿದ್ದುಹೋದ, ಕೊಚ್ಚಿಹೋದ, ಯಾರೋ ಕೆಡವಿಹಾಕಿದ ಹಳೆಯ ಕಟ್ಟಡಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿ ಟಿ.ವಿ.ಗೆ ಕೊಡುವುದು. ನಿರೂಪಕ ಒಂದು ಖಾಲಿ ಜಾಗದಲ್ಲಿ ನಿಂತು ಕೈ ಬೀಸುತ್ತಾನೆ. ಅವನ ಹಿಂದೆ ನೆಲದಿಂದ ಗೋಡೆ ಏಳುತ್ತದೆ, ಅದರ ಮೇಲೆ ಮಾಡು ಮುಚ್ಚಿಕೊಳ್ಳುತ್ತದೆ. ನೀವೂ ನೋಡಿರುತ್ತೀರಿ. ಆ ಗೋಡೆ ಏಳಿಸುತ್ತಿದ್ದವರಲ್ಲಿ ನಾನೊಬ್ಬಳು.

ನಿವೃತ್ತಳಾಗಿದ್ದೇನೆ ಎಂದರೆ ಬಸ್ಸಿನ ಕಂಡಕ್ಟರ್ ಕೂಡ ನಗುತ್ತಾನೆ. ನನಗೆ ಮೂವತ್ತನಾಲ್ಕು. ಬಲಗೈ ಮಣಿಕಟ್ಟಿನ ನರ ಹಾಳಾಗಿದೆ, ಇನ್ನು ಮೌಸ್ ಹಿಡಿಯಬೇಡಿ ಎಂದು ವೈದ್ಯರು ಹೇಳಿದ್ದು ನಿಜ. ಕೇಳಿದವರಿಗೆಲ್ಲ ಅದನ್ನೇ ಹೇಳುತ್ತೇನೆ. ಆದರೆ ಕೈ ನನಗೆ ಸಿಕ್ಕಿದ ನೆಪ. ಕಾರಣ ಬೇರೆ ಇದೆ, ಮುಂದೆ ಬರುತ್ತದೆ.

ಕಳೆದ ವಾರ ಮಿಜಾರಿನ ಕಾಲೇಜಿನಿಂದ ಅನಿಮೇಶನ್ ಕಲಿಯುವ ಇಬ್ಬರು ವಿದ್ಯಾರ್ಥಿನಿಯರು ಬಂದಿದ್ದರು. ‘ಅಕ್ಕ, ಈ ಕೆಲಸಕ್ಕೆ ಬರಬಹುದಾ? ಮೊದಲು ಎಂತ ಕಲೀಬೇಕು?’ ಎಂದು ಕೇಳಿದರು. ಚಹಾ ಕುಡಿದು ಮುಗಿಯುವಷ್ಟು ಹೊತ್ತಿನಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಬರೆದು ಕೊಡುತ್ತೇನೆ ಎಂದೆ. ಇದು ಅವರಿಗೆ.

ನಮ್ಮ ಸ್ಟುಡಿಯೊ ಇದ್ದದ್ದು ಮೂಡುಬಿದಿರೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ. ನಾಲ್ಕು ಜನ, ಐದು ಕಂಪ್ಯೂಟರ್. ಯಜಮಾನರು ಸುಧಾಕರಣ್ಣ. ಮೊದಲು ಮದುವೆಯ ಫೋಟೊ, ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಿದ್ದವರು. ‘ಈ ಊರಿನ ಅರ್ಧ ಜನರನ್ನು ದುಬೈಗೆ ಹತ್ತಿಸಿದ್ದು ವಿಮಾನ ಅಲ್ಲ ಮಾರಾಯ್ತಿ, ನನ್ನ ಫ್ಲ್ಯಾಶ್’ ಎನ್ನುತ್ತಿದ್ದರು. ನಾನು ಸೇರಿದ ಮೊದಲ ವಾರ ಅವರು ಇನ್ನೊಂದು ಮಾತು ಹೇಳಿದ್ದರು. ‘ಫೋಟೊ ಮನೆಯಲ್ಲಿ ಉಂಟು ಅಂತ ಆದ ಮೇಲೆ ಯಾರೂ ಮುಖ ನೆನಪಿಟ್ಟುಕೊಳ್ಳುವುದಿಲ್ಲ. ಫೋಟೊವನ್ನೇ ನೆನಪಿಟ್ಟುಕೊಳ್ತಾರೆ. ನಮ್ಮ ಹೊಟ್ಟೆಪಾಡು ಅದರಲ್ಲೇ.’ ನಾನು ನಕ್ಕಿದ್ದೆ. ಪುಸ್ತಕದಲ್ಲಿ ಬರೆದುಕೊಂಡಿರಲಿಲ್ಲ. ಎಣಿಕೆ ಇಲ್ಲದ ಮಾತುಗಳನ್ನು ಬರೆದುಕೊಳ್ಳುವ ರೂಢಿ ನನಗಿರಲಿಲ್ಲ.

ಮೊದಲ ಕಟ್ಟಡ ವೇಣೂರಿನ ಹತ್ತಿರದ ಒಂದು ಛತ್ರ. ಯಾತ್ರೆಗೆ ಬರುವವರು ತಂಗುತ್ತಿದ್ದ ಜಾಗ. ಅಡಿಪಾಯ ಮಾತ್ರ ಉಳಿದಿತ್ತು. ನಾನು ಅರವತ್ತೊಂದು ದಿನ ಕೂತು ಅದನ್ನು ಕಟ್ಟಿದೆ. ಚೆಂದ ಕಾಣಲಿ ಎಂದು ಮಾಡಿಗೆ ಕೆಂಪು ಹೆಂಚು ಹೊದೆಸಿದೆ. ಪ್ರಸಾರವಾದ ಮರುದಿನ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ನಿವೃತ್ತ ಮಾಸ್ತರೊಬ್ಬರ ಫೋನ್ ಬಂತು.

‘ಆ ಛತ್ರ ಮಾಡಿದ್ದು ನೀವಾ?’

‘ಹೌದು ಸರ್.’

‘ಚೆಂದ ಉಂಟು. ಒಂದು ಸಣ್ಣ ಸಂಶಯ. ಆ ಛತ್ರ ಬೀಳುವಾಗ ನಮ್ಮ ಕಡೆ ಹೆಂಚಿನ ಕಾರ್ಖಾನೆಯೇ ಇರಲಿಲ್ಲ. ಹಾಗಾದರೆ ನಿಮ್ಮ ಹೆಂಚು ಎಂತ, ಮುಂಗಡವಾಗಿ ಬಂತಾ?’

ನಾನು ಶೌಚಾಲಯಕ್ಕೆ ಹೋಗಿ ಅತ್ತೆ. ಹೊರಗೆ ಬಂದಾಗ ಸುಧಾಕರಣ್ಣ ಚಹಾ ತರಿಸಿದ್ದರು. ‘ಯಾಕೆ ಅಳ್ತೀಯಾ? ಒಬ್ಬರು ಫೋನ್ ಮಾಡಿದ್ದಾರೆ ಅಂದ್ರೆ, ಉಳಿದವರೆಲ್ಲ ನಂಬಿದ್ದಾರೆ ಅಂತ ಲೆಕ್ಕ.’ ಅವರು ಸಮಾಧಾನಕ್ಕೆ ಹೇಳಿದ್ದು. ನನಗೆ ಅದನ್ನು ಕೇಳಿ ಭಯವಾಯಿತು.

ಅಂದಿನಿಂದ ಪ್ರತಿ ಕಟ್ಟಡಕ್ಕೂ ಪುಸ್ತಕದಲ್ಲಿ ಎರಡು ಗೆರೆ ಎಳೆದು ಮೂರು ಕಾಲಮು ಮಾಡಿದೆ. ಕಂಡದ್ದು, ಕೇಳಿದ್ದು, ಊಹಿಸಿದ್ದು. ಒಂದು ಮೆಟ್ಟಿಲನ್ನು ನೆಲದಲ್ಲಿ ನಾನೇ ನೋಡಿದ್ದರೆ ಮೊದಲನೆಯದರಲ್ಲಿ. ನೋಡಿದ್ದವರು ಹೇಳಿದರೆ ಎರಡನೆಯದರಲ್ಲಿ. ಇಲ್ಲದಿದ್ದರೆ ಮೂರನೆಯದರಲ್ಲಿ. ಇಪ್ಪತ್ತಮೂರು ಕಟ್ಟಡಗಳನ್ನು ಕೂಡಿಸಿ ನೋಡಿದ್ದೇನೆ. ಹತ್ತು ತುಂಡುಗಳಲ್ಲಿ ಏಳು ಮೂರನೇ ಕಾಲಮಿನವು. ಟಿ.ವಿ. ನೋಡುವವರಿಗೆ ಕಾಲಮು ಕಾಣುವುದಿಲ್ಲ.

ಒಮ್ಮೆ ಮಾತ್ರ ಎರಡನೇ ಕಾಲಮು ಮೂರನೆಯದಕ್ಕಿಂತ ಉದ್ದವಾಯಿತು. ಬೆಳ್ತಂಗಡಿಯ ಆಚೆ ಹಳೆಯ ದೊಡ್ಡ ಮನೆತನದ ಒಂದು ಅಡುಗೆ ಚಾವಡಿ. ಅಲ್ಲಿ ಯೌವನದಲ್ಲಿ ಅಡುಗೆ ಮಾಡುತ್ತಿದ್ದ ವೆಂಕಪ್ಪಯ್ಯ ಎನ್ನುವವರನ್ನು ಹುಡುಕಿ ಕರೆದುಕೊಂಡು ಹೋದೆ. ಬಾಗಿಲು ಎಷ್ಟು, ಒಲೆ ಎಷ್ಟು ಎಂದು ಕೇಳಿದರೆ, ‘ಎಂತ ಕೇಳ್ತೀರಿ, ಐವತ್ತು ವರ್ಷ ಆಯ್ತು, ನನಗೆ ನಿನ್ನೆಯ ಪಲ್ಯ ನೆನಪಿಲ್ಲ’ ಎಂದು ರೇಗಿದರು. ಬೇಸತ್ತು, ‘ಹಾಗಾದರೆ ಸುಮ್ಮನೆ ನೀರು ತರಲು ಹೋಗಿ ಬನ್ನಿ’ ಎಂದೆ. ಅವರು ಆ ಖಾಲಿ ಗದ್ದೆಯಲ್ಲಿ ಕೊಡ ಹಿಡಿದವರ ಹಾಗೆ ಕೈ ಬಾಗಿಸಿ ನಡೆದರು. ಹನ್ನೊಂದನೇ ಹೆಜ್ಜೆಗೆ ತಲೆ ತಗ್ಗಿಸಿದರು. ಮತ್ತೆ ನಾಲ್ಕು ಹೆಜ್ಜೆಗೆ ಬಲಗಾಲು ಎತ್ತಿ ಇಟ್ಟರು. ಅಲ್ಲಿ ಒಂದು ಕುಳ್ಳ ಬಾಗಿಲು, ಇಲ್ಲಿ ಒಂದು ಹೊಸ್ತಿಲು. ತಲೆ ಮರೆತಿದ್ದನ್ನು ಕುತ್ತಿಗೆ ಮರೆತಿರಲಿಲ್ಲ. ನಾನು ಅವರನ್ನು ಐದು ಸಲ ನಡೆಸಿದೆ. ಐದು ಸಲವೂ ಅದೇ ಜಾಗದಲ್ಲಿ ಬಗ್ಗಿದರು. ಟಿ.ವಿ.ಯಲ್ಲಿ ಆ ಚಾವಡಿ ಇಪ್ಪತ್ತೆರಡು ಸೆಕೆಂಡು ಬಂತು. ಕುಳ್ಳ ಬಾಗಿಲು ಕಾಣಲೇ ಇಲ್ಲ. ಅದರ ಮುಂದೆ ನಿರೂಪಕ ನಿಂತಿದ್ದ.

ಕೆಲಸದ ಕ್ರಮ ಈ ಹನ್ನೊಂದು ವರ್ಷದಲ್ಲಿ ಮೂರು ಸಲ ಬದಲಾಯಿತು. ಮೊದಲು ಟೇಪು, ಪೆನ್ಸಿಲು, ಒಂದೊಂದೇ ಕಲ್ಲನ್ನು ಕೈಯಿಂದ ಎಳೆದು ಕೂರಿಸುವುದು. ಆಮೇಲೆ ಡ್ರೋನ್ ಬಂತು. ನೂರಾರು ಫೋಟೊ ಹಾಕಿದರೆ ನೆಲದ ಏರುತಗ್ಗು ತಾನಾಗಿ ಬರುತ್ತಿತ್ತು. ಕಡೆಗೆ ಬಂದ ತಂತ್ರಾಂಶ ನಾವು ಬಿಟ್ಟ ಜಾಗವನ್ನು ತಾನೇ ತುಂಬಿಸುತ್ತದೆ. ಒಂದು ಗೋಡೆ ಕೊಟ್ಟರೆ ಉಳಿದ ಮೂರನ್ನು ಅದು ಕೊಡುತ್ತದೆ. ಅರವತ್ತೊಂದು ದಿನದ ಕೆಲಸ ಒಂಬತ್ತು ದಿನಕ್ಕೆ ಇಳಿಯಿತು. ನಾನು ಊಹಿಸುವಾಗ ಕನಿಷ್ಠ ನನಗೆ ನಾಚಿಕೆಯಾಗುತ್ತಿತ್ತು, ಒಂದು ಕಾಲಮಿನಲ್ಲಿ ಬರೆಯುತ್ತಿದ್ದೆ. ಯಂತ್ರ ಯಾವುದನ್ನು ಎಲ್ಲಿಂದ ತಂದಿತೆಂದು ಯಾರಿಗೂ ಹೇಳುವುದಿಲ್ಲ.

ಇನ್ನು ಬಂಡಸಾಲೆಯ ವಿಷಯ.

ಬಂಟ್ವಾಳದಲ್ಲಿ ಹೊಳೆಯ ದಡಕ್ಕೆ ಉಪ್ಪಿನ ದೋಣಿಗಳು ಬರುತ್ತಿದ್ದ ಕಾಲದಲ್ಲಿ ಅಲ್ಲೊಂದು ದೊಡ್ಡ ದಾಸ್ತಾನು ಮನೆ ಇತ್ತು. ಅದನ್ನು ಉಪ್ಪಿನ ಬಂಡಸಾಲೆ ಎನ್ನುತ್ತಿದ್ದರು. ಹೊಳೆಗೆ ಸಣ್ಣ ಹಳ್ಳದಂಥ ಒಂದು ತೋಡು ಬಂದು ಸೇರುವ ಮೂಲೆಯಲ್ಲಿ ಅದು ಇದ್ದದ್ದರಿಂದ ಎರಡು ಗೋಡೆಗಳು ನೀರಿನ ಕಡೆಗಿದ್ದವು. ಒಂದು ಹೊಳೆಯ ಬದಿ, ಒಂದು ತೋಡಿನ ಬದಿ. ದೋಣಿಗಳು ಎರಡೂ ಕಡೆ ನಿಲ್ಲುತ್ತಿದ್ದವು. ನನ್ನ ತಂದೆ ಹುಟ್ಟುವ ಮೊದಲಿನ ಒಂದು ನೆರೆ ಅದನ್ನು ಕೊಂಡುಹೋಯಿತು. ಟಿ.ವಿ.ಯವರು ಅದನ್ನು ಕೇಳಿದಾಗ ನನ್ನ ಕೈಯಲ್ಲಿದ್ದದ್ದು ಇಷ್ಟು. ಬೇಸಿಗೆಯಲ್ಲಿ ಕಾಣುವ, ಅಡಿಪಾಯದ ಕೆಂಪು ಮುರಕಲ್ಲಿನ ಎರಡು ಸಾಲು, ಉದ್ದ ಅಗಲ ಬರೆದ ಹಳೆಯ ಕಾಗದ ಒಂದು, ರಸ್ತೆಯ ಬದಿಯಿಂದ ಯಾರೋ ತೆಗೆದ ಮಂಜು ಮಂಜಾದ ಫೋಟೊ ಒಂದು. ನೀರಿನ ಕಡೆ ಹೇಗಿತ್ತು ಎನ್ನಲು ಏನೂ ಇರಲಿಲ್ಲ.

ಅದರ ಒಳಗೆ ಕಾಲಿಟ್ಟವರಲ್ಲಿ ಬದುಕಿರುವವರು ಒಬ್ಬರೇ ಎಂದು ಹನ್ನೆರಡು ಜನರನ್ನು ಕೇಳಿದ ಮೇಲೆ ಗೊತ್ತಾಯಿತು. ಐಸಮ್ಮ. ವಯಸ್ಸು ಎಂಬತ್ತನಾಲ್ಕೋ ಐದೋ. ಅವರ ತಂದೆ ಅಲ್ಲಿ ಉಪ್ಪಿನ ಗೋಣಿ ಹೊರುತ್ತಿದ್ದರು. ಈಗ ಅವರು ಮಗ ಹಂಝಾಕನ ಜೊತೆ ಬಂಟ್ವಾಳದ ಕೆಳಗಿನ ಪೇಟೆಯಲ್ಲಿದ್ದಾರೆ. ಹಂಝಾಕ ಇಪ್ಪತ್ತೆರಡು ವರ್ಷ ಸೌದಿಯಲ್ಲಿದ್ದು ಬಂದು ಈಗ ಫ್ಯಾನು, ಮಿಕ್ಸಿ ರಿಪೇರಿಯ ಅಂಗಡಿ ಇಟ್ಟಿದ್ದಾರೆ.

ಒಂದೂವರೆ ವರ್ಷದ ಹಿಂದಿನ ನವೆಂಬರ್ ಹದಿನಾಲ್ಕು, ಮಂಗಳವಾರ ನಾನು ಮೊದಲು ಹೋದದ್ದು. ಬೆಲ್ಲ, ನೀರು ಬಂತು. ನಾನು ಫೋನನ್ನು ಮೇಜಿನ ಮೇಲಿಟ್ಟು ಧ್ವನಿ ಮುದ್ರಿಸಬಹುದೇ ಎಂದು ಕೇಳಿದೆ.

‘ಬೇಡ, ಅದರಲ್ಲಿ ನನ್ನ ಸ್ವರ ಹಿಡಿಯಬೇಡ’ ಎಂದರು ಐಸಮ್ಮ. ‘ನಾನು ಸತ್ತ ಮೇಲೆ ಅದು ಮಾತಾಡಿದರೆ ಈ ಮಕ್ಕಳು ಹೆದರ್ತಾರೆ.’

‘ಉಮ್ಮ ಬದುಕಿರುವಾಗಲೇ ಹೆದರ್ತಾರೆ’ ಎಂದರು ಹಂಝಾಕ.

‘ನೀನು ಫ್ಯಾನು ನೋಡು ಹೋಗು. ಗಾಳಿ ಬರುವುದಿಲ್ಲ ಅದರಲ್ಲಿ, ಶಬ್ದ ಮಾತ್ರ. ನಿನ್ನ ಹಾಗೆ.’

ನಾನು ಫೋನನ್ನು ಚೀಲದೊಳಗೆ ಹಾಕಿ ಪುಸ್ತಕ ತೆಗೆದೆ. ನಮ್ಮ ಮಾತು ತುಳುವಿನಲ್ಲಿ ನಡೆಯಿತು. ನಡುನಡುವೆ ಅವರು ಬ್ಯಾರಿ ಭಾಷೆಗೆ ಹೋಗಿ, ನನ್ನನ್ನು ‘ಮೋಳೇ’ ಎಂದು, ಅಂದರೆ ಮಗಳೇ ಎಂದು ಕರೆಯುತ್ತಿದ್ದರು.

‘ಹೊಳೆಗೆ ಇಳಿಯಲು ಮೆಟ್ಟಿಲು ಎಷ್ಟಿತ್ತು?’

‘ಐದು. ಕಡೆಯದ್ದು ಮಳೆಗಾಲದಲ್ಲಿ ಕಾಣುವುದಿಲ್ಲ. ಹಾಗಾಗಿ ನಾಲ್ಕು ಅಂತಲೂ ಬರೆಯಬಹುದು.’

‘ಬಾಗಿಲು?’

‘ಎರಡು.’

‘ಕಿಟಕಿ?’

‘ಒಂದು. ನನಗೆ ಅದೊಂದೇ ಗೊತ್ತು. ಮರದ ಸರಳು. ಕಟ್ಟೆಗೆ ನನ್ನ ಗದ್ದ ತಾಗುತ್ತಿತ್ತು, ಉಪ್ಪುಪ್ಪು.’

ಆಮೇಲೆ ನಾನು ಕೇಳದೆಯೇ ಅವರು ಹೇಳಿದರು. ಅವರಿಗಾಗ ಒಂಬತ್ತು ವರ್ಷ. ದಿನಾ ಮಧ್ಯಾಹ್ನ ತಂದೆಗೆ ಗಂಜಿ ತೆಗೆದುಕೊಂಡು ಹೋಗುವುದು. ನೆರೆಯ ದಿನ ಹೋದಾಗ ಒಳಗೆ ಯಾರೂ ಇರಲಿಲ್ಲ, ಎಲ್ಲರೂ ಗೋಣಿ ಉಳಿಸಲು ಹೊರಗೆ ಓಡಾಡುತ್ತಿದ್ದರು. ಅವರು ಆ ಕಿಟಕಿಯಲ್ಲಿ ನಿಂತು ನೋಡಿದರು. ಬಾಪ, ಅಂದರೆ ತಂದೆ, ಒಂದು ದೋಣಿಯ ಹಗ್ಗ ಹಿಡಿದು ನಿಂತಿದ್ದರು. ಕಿಟಕಿಯ ಕಡೆ ತಿರುಗಿ, ತಲೆಯ ಮುಂಡಾಸು ಬಿಚ್ಚಿ ಮುಖ ಒರೆಸಿಕೊಂಡು, ಮನೆಗೆ ಹೋಗು ಎಂದು ಕೈ ಮಾಡಿದರು.

‘ಗಂಜಿ ಅಲ್ಲೇ ಇಟ್ಟು ಬಂದೆ. ಆಮೇಲೆ ಬಾಪ ಬರಲಿಲ್ಲ. ಹೊಳೆಯಲ್ಲೆಲ್ಲ ಹುಡುಕಿದರು, ಹೂಳಲು ಮಯ್ಯತ್ತೂ ಸಿಗಲಿಲ್ಲ. ನಮ್ಮಲ್ಲಿ ಫೋಟೊ ಗೀಟೊ ಎಂತದು ಇಲ್ಲ ಮೋಳೇ. ಕಣ್ಣು ಮುಚ್ಚಿದರೆ ಆ ಕಿಟಕಿ ಬರ್ತದೆ, ಅದರೊಳಗೆ ಬಾಪ ಬರ್ತಾರೆ. ಅಷ್ಟೇ ನನಗೆ ಇರುವುದು.’

‘ಕಿಟಕಿ ಯಾವ ಬದಿಗೆ ಇತ್ತು?’ ಎಂದು ನಾನು ಕೇಳಿದೆ. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಅವರು ‘ಇಂಚಿ’ ಎಂದರು, ಅಂದರೆ ಈ ಕಡೆಗೆ, ಮತ್ತು ಕೈ ತೋರಿಸಿದರು. ಚಾಪೆಯ ಮೇಲೆ ಕೂತವರು ತಾನು ಬಂಡಸಾಲೆಯ ಒಳಗೇ ಇರುವ ಹಾಗೆ ಒಂದು ಕಡೆಗೆ ಕೈ ಚಾಚಿದರು. ನಾನು ತಲೆ ತಗ್ಗಿಸಿ ಬರೆಯುತ್ತಿದ್ದೆ. ಹನ್ನೆರಡು ಇಪ್ಪತ್ತರ ಬಸ್ಸು ಹಿಡಿಯಬೇಕಿತ್ತು. ತಲೆ ಎತ್ತುವಾಗ ಕೈ ಇಳಿದಿತ್ತು.

ಹದಿನಾರನೇ ಪುಸ್ತಕದ ಆ ಪುಟ ಈಗ ನನ್ನ ಎದುರಿಗಿದೆ. ಅದರಲ್ಲಿರುವುದು ಇಷ್ಟೇ: ‘ಐಸಮ್ಮ. 11.20ರಿಂದ 12.05. ಮೆಟ್ಟಿಲು 5. ಬಾಗಿಲು 2. ಕಿಟಕಿ 1.’ ಅಕ್ಷರ ಗುಂಡಾಗಿದೆ, ಗೆರೆ ನೇರವಾಗಿದೆ.

ಬೆಂಗಳೂರಿನಿಂದ ಬಂದಿದ್ದ ನಿರ್ಮಾಪಕ ಕಿರಣ್ ಕರಡು ಚಿತ್ರ ನೋಡಿ ಮುಖ ಸಿಂಡರಿಸಿದರು. ನೀರಿನ ಎರಡೂ ಬದಿಗೆ ನಾನು ಬರೀ ಗೋಡೆ ಎಳೆದು, ಗೊತ್ತಿಲ್ಲದ್ದನ್ನೆಲ್ಲ ಬೂದು ಬಣ್ಣದಲ್ಲಿ ಬಿಟ್ಟಿದ್ದೆ. ಕಿಟಕಿಯನ್ನು ಯಾವ ಬದಿಗೂ ಇಟ್ಟಿರಲಿಲ್ಲ.

‘ಮೇಡಂ, ಹೊಳೆ ಕಡೆಯಿಂದ ಡ್ರೋನ್ ಬರುತ್ತೆ. ಬರೀ ಗೋಡೆ ಇದ್ರೆ ಏನ್ ತೋರ್ಸೋದು? ಒಂದು ಜಗಲಿ ಮಾಡಿ, ಎಂಟು ಕಂಬ ಹಾಕಿ.’

‘ಕಂಬ ಇತ್ತು ಅಂತ ಯಾರೂ ಹೇಳಿಲ್ಲ ಸರ್.’

‘ಇರ್ಲಿಲ್ಲ ಅಂತ ಯಾರಾದ್ರೂ ಹೇಳಿದಾರಾ?’

ನಾನು ಪುಸ್ತಕ ತಿರುಗಿಸಿದೆ. ಯಾರೂ ಹೇಳಿರಲಿಲ್ಲ. ಯಾಕೆಂದರೆ ನಾನು ಕೇಳಿರಲಿಲ್ಲ.

‘ಮತ್ತೆ ಈ ಬೂದು ಬಣ್ಣ ತೆಗೀರಿ. ಕೆಲಸ ಮುಗ್ದಿಲ್ಲ ಅನ್ಕೋತಾರೆ ಜನ.’

‘ಗೋಣಿ ಹೊರುವವರು, ದೋಣಿಯವರು ಅಂತ ನಾಲ್ಕು ಜನರನ್ನಾದರೂ ಹಾಕುವ ಸರ್.’

‘ಜನ ಹಾಕಿದ್ರೆ ಇನ್ನೂ ಒಂದು ವಾರ ಹಿಡಿಯುತ್ತೆ. ಖಾಲಿ ಇರ್ಲಿ ಬಿಡಿ. ಖಾಲಿ ಇದ್ರೇನೇ ನೋಡೋರಿಗೆ ಒಂಥರಾ ದುಃಖ ಬರುತ್ತೆ.’

ಹೊಳೆಯ ಬದಿಯ ಉದ್ದಕ್ಕೂ ಎಂಟು ಕಂಬದ ಜಗಲಿ ಎದ್ದಿತು. ಯಂತ್ರ ಅದನ್ನು ನಲವತ್ತು ನಿಮಿಷದಲ್ಲಿ ಮಾಡಿಕೊಟ್ಟಿತು. ಕಂಬಗಳಿಗೆ ಕೆತ್ತನೆಯನ್ನೂ ಹಾಕಿತು, ಯಾರೂ ಕೇಳದೆ.

ಡಿಸೆಂಬರ್ ಹನ್ನೆರಡಕ್ಕೆ ಕ್ಯಾಮೆರಾ ಸಮೇತ ಐಸಮ್ಮನ ಮನೆಗೆ ಹೋದೆವು. ಕಂಡವರೊಬ್ಬರು ‘ಹೀಗೆಯೇ ಇತ್ತು’ ಎನ್ನುವ ದೃಶ್ಯ ಬೇಕಿತ್ತು. ಮಾತು ಹಿಡಿಯುವುದು ಬೇಡ ಎಂದಿದ್ದವರು ಈ ಸಲ, ಮನೆಗೆ ಆರು ಜನ ಬಂದಿದ್ದಾರೆ ಎಂದು ಒಪ್ಪಿದರು. ಹಂಝಾಕ ಎಲ್ಲರಿಗೂ ಶರಬತ್ತು ಮಾಡಿಸಿದ್ದರು. ಕಿರಣ್ ದೊಡ್ಡ ಟ್ಯಾಬ್ ಒಂದನ್ನು ಐಸಮ್ಮನ ಮಡಿಲಿನಲ್ಲಿಟ್ಟರು. ಬಂಡಸಾಲೆ ಎದ್ದಿತು. ಐಸಮ್ಮ ಬಹಳ ಹೊತ್ತು ನೋಡಿದರು. ಬೆರಳಿನಿಂದ ಗಾಜನ್ನು ಮುಟ್ಟಿದರು.

‘ಆ ಕಿಟಕಿ?’ ಎಂದು ನನ್ನ ಕಡೆ ತಿರುಗಿ ಕೇಳಿದರು.

‘ಅದು ಬೇಡ ಅಜ್ಜಿ, ಹೀಗೆ ಇತ್ತಾ ಅಂತ ಮಾತ್ರ ಹೇಳಿ’ ಎಂದರು ಕಿರಣ್.

ನಾನಾಗ ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಪುಸ್ತಕದಲ್ಲಿ ‘ಟೇಕ್ 1, ಬೇಡ’ ಎಂದು ಬರೆದೆ.

ನಮ್ಮ ಕಡೆಯ ಹಿರಿಯರ ವಿಷಯ ನಿಮಗೆ ಗೊತ್ತಿರಬಹುದು. ಮನೆಗೆ ಬಂದು ಕೂತವರು ಇಷ್ಟು ಕಷ್ಟಪಟ್ಟು ಏನೋ ಮಾಡಿ ತಂದು ತೋರಿಸಿದರೆ ಅದು ತಪ್ಪು ಎಂದು ಮುಖಕ್ಕೆ ಹೇಳುವುದು ಅವರಿಗೆ ಮರ್ಯಾದೆಗೇಡು. ‘ನೀವು ಕಲಿತವರು, ತಪ್ಪುವುದಿಲ್ಲ’ ಎಂದು ಬಿಡುತ್ತಾರೆ. ಬೇರೆ ಊರಿನವರಿಗೆ ಇದು ತಿಳಿಯದಿರಬಹುದು. ನನಗೆ ತಿಳಿದಿತ್ತು. ನಾನೂ ಅದೇ ಮರ್ಯಾದೆಯಲ್ಲಿ ಬೆಳೆದವಳು. ಅಂದು ನಾನು ಸುಮ್ಮನಿದ್ದದ್ದೂ ಕಿರಣ್ ಮುಂದೆ ಅದೇ ಮರ್ಯಾದೆಯಿಂದ. ನಾಲ್ಕನೇ ಟೇಕಿನಲ್ಲಿ ಐಸಮ್ಮ ನಗುತ್ತ ಹೇಳಿದರು. ‘ಹೌದು. ಹೀಗೇ ಇತ್ತು.’

ಫೆಬ್ರವರಿಯಲ್ಲಿ ಪ್ರಸಾರವಾಯಿತು. ಬಂಡಸಾಲೆ ಬಂದದ್ದು ಮೂರು ನಿಮಿಷ ನಲವತ್ತು ಸೆಕೆಂಡು. ಆ ತುಂಡು ಎಲ್ಲರ ಫೋನಿಗೂ ಹೋಯಿತು. ಶಾಲೆಯ ವಸ್ತುಪ್ರದರ್ಶನವೊಂದರಲ್ಲಿ ಥರ್ಮೋಕೋಲಿನ ಆರು ಬಂಡಸಾಲೆ ನೋಡಿದೆ, ಆರಕ್ಕೂ ಎಂಟು ಕಂಬ. ಹೋಟೆಲೊಂದರ ಗೋಡೆಗೆ ಅದನ್ನೇ ಬಿಡಿಸಿದರು. ಅಲ್ಲಿ ಚಹಾ ಕುಡಿಯುವಾಗ ಪಕ್ಕದ ಮೇಜಿನವರು, ‘ನಾವು ಸಣ್ಣವರಿರುವಾಗ ಆ ಕಂಬದ ಸುತ್ತ ಮುಟ್ಟಾಟ ಆಡುತ್ತಿದ್ದೆವು’ ಎಂದು ಗೆಳೆಯನಿಗೆ ಹೇಳುತ್ತಿದ್ದರು. ವಯಸ್ಸು ಕೇಳಿದೆ, ಅರವತ್ತೆರಡು. ಕಟ್ಟಡ ಹೋಗಿ ಅವರಿಗಿಂತ ಹೆಚ್ಚು ವರ್ಷವಾಗಿದೆ. ಒಂಬತ್ತು ತಿಂಗಳಲ್ಲಿ ಆ ಕಂಬಗಳನ್ನು ಕಣ್ಣಾರೆ ಕಂಡಿದ್ದೇನೆ ಎಂದು ನನಗೆ ಹೇಳಿದವರು ಹದಿನಾಲ್ಕು ಜನ. ಅವರಲ್ಲಿ ಯಾರೊಬ್ಬರೂ ಕಂಡಿರಲು ಸಾಧ್ಯವಿಲ್ಲ. ಯಾರೊಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ನನಗೆ ನಿದ್ದೆ ಕೆಟ್ಟಿತು. ಕಿಟಕಿ ತೋಡಿನ ಬದಿಯಲ್ಲಿದ್ದರೆ ನಾನು ಅದನ್ನು ಬಿಟ್ಟಿದ್ದೇನೆ ಅಷ್ಟೇ, ಸೇರಿಸಬಹುದು. ಹೊಳೆಯ ಬದಿಯಲ್ಲಿದ್ದರೆ ಅದನ್ನು ಒಡೆದು ಕಂಬ ನಿಲ್ಲಿಸಿದ್ದೇನೆ. ಯಾವುದೆಂದು ಹೇಳಬಲ್ಲವರು ಒಬ್ಬರೇ. ನವೆಂಬರ್ ಹತ್ತೊಂಬತ್ತಕ್ಕೆ ಮತ್ತೆ ಹೋದೆ. ಈ ಸಲ ಗೆರೆ ಇಲ್ಲದ ಖಾಲಿ ಕಾಗದ ಮಾತ್ರ ತೆಗೆದುಕೊಂಡು ಹೋಗಿದ್ದೆ.

ಐಸಮ್ಮನ ಕೈಯಲ್ಲಿ ಹಂಝಾಕನ ಹಳೆಯ ಫೋನ್ ಇತ್ತು.

‘ಉಮ್ಮನಿಗೆ ಈಗ ಇದೇ ಕೆಲಸ’ ಎಂದರು ಹಂಝಾಕ. ‘ಮಧ್ಯಾಹ್ನದ ನಮಾಜು ಮುಗಿಸಿ ಕೂತರೆ ಸಂಜೆಯ ಅಸರ್ ನಮಾಜಿನವರೆಗೆ ಆ ಬಂಡಸಾಲೆಯ ವಿಡಿಯೊವನ್ನೇ ನೋಡುವುದು. ನೀವು ದೊಡ್ಡ ಉಪಕಾರ ಮಾಡಿದ್ದೀರಿ.’

ನಾನು ಬೆಲ್ಲ ಬಾಯಿಗಿಟ್ಟು ನೀರು ಕುಡಿದೆ. ‘ಐಸಮ್ಮ, ನೀವು ಒಂದು ಕಿಟಕಿ ಹೇಳಿದ್ದಿರಿ. ಅದು ಯಾವ ಬದಿ?’

‘ಕಿಟಕಿಯಾ? ಎಂತ ಕಿಟಕಿ?’

‘ನೆರೆಯ ದಿನ ನೀವು ನಿಂತದ್ದು. ಗದ್ದ ತಾಗುತ್ತಿತ್ತು ಅಂತ ಹೇಳಿದ್ದಿರಿ.’

‘ಅಲ್ಲಿ ಕಿಟಕಿ ಎಲ್ಲಿ ಉಂಟು ಮೋಳೇ? ಕಂಬ ಅಲ್ಲವಾ ಇರುವುದು? ನಾನು ಮೂರನೇ ಕಂಬ ಹಿಡಿದು ನಿಂತಿದ್ದೆ. ನೀನೇ ಮಾಡಿದ್ದಲ್ಲ, ನಿನಗೇ ಮರೆತುಹೋಯಿತಾ?’ ಎಂದು ಅವರು ನಕ್ಕರು.

ನನಗೆ ವೆಂಕಪ್ಪಯ್ಯನವರ ಕುತ್ತಿಗೆ ನೆನಪಾಯಿತು. ತಲೆ ಮರೆತರೂ ಮೈ ಮರೆಯುವುದಿಲ್ಲ ಎಂಬ ಆಸೆ. ವಾರ ಬಿಟ್ಟು, ನವೆಂಬರ್ ಇಪ್ಪತ್ತಾರಕ್ಕೆ, ಹಂಝಾಕನನ್ನು ಒಪ್ಪಿಸಿ ಐಸಮ್ಮನನ್ನು ರಿಕ್ಷಾದಲ್ಲಿ ಹೊಳೆಯ ದಡಕ್ಕೆ ಕರೆದುಕೊಂಡು ಹೋದೆವು. ಬೆಳಿಗ್ಗೆ ಹತ್ತು ಗಂಟೆ. ಮುರಕಲ್ಲಿನ ಸಾಲಿನ ಒಳಗೆ ಇಬ್ಬರೂ ಹಿಡಿದು ನಿಲ್ಲಿಸಿದೆವು. ನಾನು ಏನೂ ಹೇಳಿಕೊಡಲಿಲ್ಲ. ‘ಗಂಜಿ ತಂದಿದ್ದೀರಿ, ಬಾಪನನ್ನು ಹುಡುಕಿ’ ಎಂದೆ ಅಷ್ಟೆ.

ಅವರು ನಾಲ್ಕು ಸಣ್ಣ ಹೆಜ್ಜೆ ಇಟ್ಟು ಹೊಳೆಯ ಕಡೆಗೆ ನಿಂತರು. ಬಲಗೈ ಮೇಲೆದ್ದಿತು. ಗಾಳಿಯಲ್ಲಿ ಒಂದು ದಪ್ಪ ಕಂಬವನ್ನು ಬಳಸುವ ಹಾಗೆ ಬೆರಳು ಬಾಗಿತು. ಸರಿಯಾಗಿ ನಾನು ಮೂರನೇ ಕಂಬ ಇಟ್ಟಿದ್ದ ಜಾಗದಲ್ಲಿ. ಅಳೆದು ನೋಡುವುದೇ ಬೇಕಿರಲಿಲ್ಲ. ಆದರೂ ಅಳೆದೆ. ಒಂದು ಗೇಣಿನ ವ್ಯತ್ಯಾಸ.

‘ಈಗ ಬಾಪ ಎಲ್ಲಿದ್ದಾರೆ?’ ಎಂದೆ.

ಅವರು ಕಣ್ಣು ಮುಚ್ಚಿದರು. ತೆರೆದು ನೀರು ನೋಡಿದರು. ಮತ್ತೆ ಮುಚ್ಚಿದರು. ತುಟಿ ಅಲುಗುತ್ತಿತ್ತು. ಹಂಝಾಕ, ‘ಉಮ್ಮ, ಹಗ್ಗ ಹಿಡಿದು ನಿಂತಿದ್ದರಲ್ಲ, ಮುಂಡಾಸು ಬಿಚ್ಚಿ ಕೈ ಮಾಡಿದರಲ್ಲ, ನಮಗೆಲ್ಲ ಎಷ್ಟು ಸಲ ಹೇಳಿದ್ದೀರಿ’ ಎಂದು ಮೆಲ್ಲಗೆ ಎತ್ತಿಕೊಟ್ಟರು.

‘ಹೇಳಿದ್ದೇನೆ’ ಎಂದರು ಐಸಮ್ಮ. ‘ಹೇಳಿದ್ದು ನೆನಪುಂಟು. ಆದರೆ ಕಾಣುವುದಿಲ್ಲ. ಇಲ್ಲಿ ಯಾರೂ ಇಲ್ಲ ಮೋಳೇ. ನೋಡು, ಕಂಬ ಉಂಟು, ಮೆಟ್ಟಿಲು ಉಂಟು, ಯಾರೂ ಇಲ್ಲ.’ ತಲೆಯ ಬಟ್ಟೆ ಸರಿಮಾಡಿಕೊಂಡು, ‘ಬಿಸಿಲು ಬಂತು, ಮನೆಗೆ ಹೋಗುವ’ ಎಂದರು.

ನಾನು ಟಿ.ವಿ.ಯವರಿಗೆ ಮೂರು ಪತ್ರ ಬರೆದೆ. ಕಂಬಗಳು ಊಹೆ ಎಂದು ಒಂದು ಸಾಲು ಹಾಕಿ ಎಂದು ಕೇಳಿದೆ. ಮೊದಲ ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ, ಸಾಕ್ಷಿಯೇ ಕ್ಯಾಮೆರಾದ ಮುಂದೆ ಒಪ್ಪಿದ್ದಾರಲ್ಲ ಎಂದು ಬಂತು. ಐಸಮ್ಮ ಕಿಟಕಿ ಕೇಳಿದ್ದ ಮೊದಲ ಟೇಕನ್ನು ಕಳಿಸಿ ಎಂದೆ. ಅಳಿಸಿದ್ದಾರಂತೆ. ಸುಧಾಕರಣ್ಣನ ಮುಂದೆ ಎಲ್ಲ ಹೇಳಿಕೊಂಡೆ. ಅವರು ಕನ್ನಡಕ ತೆಗೆದು ಒರೆಸಿದರು. ‘ಮದುವೆ ಆಲ್ಬಮ್ಮಿಗೆ ಸಾವಿರ ಸಲ ಮುಖ ತಿದ್ದಿದ್ದೇನೆ ಮಾರಾಯ್ತಿ’ ಎಂದರು. ‘ಯಾರ ತಂದೆಯನ್ನೂ ತೆಗೆದುಹಾಕಿರಲಿಲ್ಲ.’ ನನ್ನನ್ನು ಬೈಯಲು ಹೇಳಿದ್ದಲ್ಲ, ಅವರ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಜನವರಿ ಕೊನೆಗೆ ಕೆಲಸ ಬಿಟ್ಟೆ.

ಒಂದು ಪರೀಕ್ಷೆ ನನ್ನ ಮೇಲೂ ಮಾಡಿಕೊಂಡಿದ್ದೇನೆ. ದಿನಕ್ಕೊಂದು ಸಲ ಕಣ್ಣು ಮುಚ್ಚಿ ಆ ಮೊದಲ ಮಂಗಳವಾರವನ್ನು ಕರೆಯುತ್ತೇನೆ. ಚಾಪೆ, ಬೆಲ್ಲದ ತಟ್ಟೆ, ಶಬ್ದ ಮಾಡುವ ಫ್ಯಾನು, ‘ಇಂಚಿ’ ಎನ್ನುವ ಸ್ವರ, ಎಲ್ಲ ಬರುತ್ತದೆ. ಏಳುವ ಕೈ ಬರುತ್ತದೆ. ಅದು ಯಾವ ಕಡೆಗೆ ಹೋಗುತ್ತದೆಂದು ನೋಡಲು ಹೊರಟರೆ ಎಂಟು ಕಂಬ ಬಂದು ಅಡ್ಡ ನಿಲ್ಲುತ್ತವೆ. ನೂರ ಇಪ್ಪತ್ತೊಂಬತ್ತು ದಿನ ಪ್ರಯತ್ನಿಸಿದ್ದೇನೆ.

ಮಿಜಾರಿನ ತಂಗ್ಯಂದಿರೇ, ಮೊದಲು ಎಂತ ಕಲಿಯಬೇಕು ಎಂದು ಕೇಳಿದ್ದಿರಿ. ತಂತ್ರಾಂಶ ಯಾವುದಾದರೂ ಆಗುತ್ತದೆ, ಮೂರು ತಿಂಗಳಿಗೆ ಬರುತ್ತದೆ. ಯಾರಾದರೂ ಕೈ ತೋರಿಸಿದರೆ ಪೆನ್ನು ಕೆಳಗಿಟ್ಟು ಆ ಕಡೆ ನೋಡಿ. ಅವರು ಹೇಳಿ ಮುಗಿಸುವವರೆಗೆ ನಿಮ್ಮ ಚಿತ್ರವನ್ನು ತೋರಿಸಬೇಡಿ. ಮುಗಿಸಿದ ಮೇಲೂ ಬಹುಶಃ ತೋರಿಸಬೇಡಿ. ಇಷ್ಟನ್ನು ಪಾಲಿಸಿದರೆ ಈ ಕೆಲಸ ಮಾಡಲು ಆಗುವುದಿಲ್ಲ ಎಂದು ನನಗೂ ಗೊತ್ತಿದೆ.

ಇದನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ಹಾಗಾಗಿ ಕಡೆಗೆ ಎಲ್ಲರಿಗೂ ಒಂದು ಕೋರಿಕೆ. ಇದನ್ನು ಓದುವ ಯಾರ ಮನೆಯಲ್ಲಾದರೂ ಬಂಟ್ವಾಳದ ಉಪ್ಪಿನ ಬಂಡಸಾಲೆಗೆ ಹೋಗಿದ್ದವರು, ಅಲ್ಲಿ ಗೋಣಿ ಹೊತ್ತವರ ಮಕ್ಕಳು, ದೋಣಿ ನಡೆಸಿದವರ ಮೊಮ್ಮಕ್ಕಳು ಇದ್ದರೆ ಅವರನ್ನು ಕೇಳಿ. ಮರದ ಸರಳಿನ ಒಂದು ಕಿಟಕಿ, ಒಂಬತ್ತು ವರ್ಷದ ಹುಡುಗಿಯ ಗದ್ದದಷ್ಟು ಎತ್ತರ. ಅದು ಹೊಳೆಯ ಬದಿಗಿತ್ತೇ, ತೋಡಿನ ಬದಿಗಿತ್ತೇ? ಅಲ್ಲಿಂದ ನೋಡಿದರೆ ದೋಣಿಯ ಹಗ್ಗ ಹಿಡಿದು ನಿಂತವರು ಕಾಣುತ್ತಿದ್ದರೇ? ಬಾಯಲ್ಲಿ ಹೇಳಿಸಿ, ಕಾಗದದಲ್ಲಿ ಗೆರೆ ಎಳೆಸಿ, ಇದು ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಹೇಳುವವರು ಆ ವಿಡಿಯೊ ನೋಡಿದ್ದಾರೋ ಇಲ್ಲವೋ ಎಂಬುದನ್ನು ತಪ್ಪದೆ ಸೇರಿಸಿ. ನೋಡಿದವರ ಮಾತಿಗೊಂದು, ನೋಡದವರ ಮಾತಿಗೊಂದು ಎಂದು ಎರಡು ಕಡತ ಇಟ್ಟಿದ್ದೇನೆ. ಮೊದಲನೆಯದರಲ್ಲಿ ಇವತ್ತಿಗೆ ಹದಿನೈದು ಜನರಿದ್ದಾರೆ, ಐಸಮ್ಮನೂ ಸೇರಿ. ಎರಡನೆಯದರಲ್ಲಿ ಒಬ್ಬರೂ ಇಲ್ಲ.